ಪರ ಊರಿನ ಕೆಲಸಗಾರ ನೆಲೆಯೂರುವ ಬಗೆ



ಕೊಳೆರೋಗ, ಬೋರ್ಡೋ ದ್ರಾವಣ, ಗೊಬ್ಬರದ ದರ ಇವುಗಳ ಬಗ್ಗೆ ಈ ಪುಟಗಳಲ್ಲಿ ಬರೆಯುತ್ತಲೇ ಬಂದಿದ್ದೇವೆ. ಈ ಸಲ ಮನುಷ್ಯರ ವಿಷಯ ಬರೆಯಬೇಕಾಗಿದೆ. ಕಳೆದ ಕೊಯ್ಲಿನಲ್ಲಿ ನಮ್ಮ ಸದಸ್ಯರಲ್ಲಿ ಹಲವರು ಅಸ್ಸಾಂ, ಜಾರ್ಖಂಡ್, ಒಡಿಶಾ ಕಡೆಯ ಆಳುಗಳನ್ನು ಕರೆಸಿಕೊಂಡಿದ್ದರು. ಕೆಲವು ತೋಟಗಳಲ್ಲಿ ಅವರು ಕೊನೆಯ ಹಣ್ಣು ಕುಯ್ಯುವ ತನಕ ನಿಂತರು. ಇನ್ನು ಕೆಲವು ತೋಟಗಳಲ್ಲಿ ಹಣ್ಣು ಗಿಡದಲ್ಲಿರುವಾಗಲೇ ಒಂದು ರಾತ್ರಿ ಗಂಟುಮೂಟೆ ಕಟ್ಟಿಕೊಂಡು ಹೊರಟುಹೋದರು. ಕೂಲಿ ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿದೆ?

ಈ ಪ್ರಶ್ನೆಯನ್ನು ನಮಗಿಂತ ಮೊದಲು, ನಮಗಿಂತ ಬಹಳ ದೊಡ್ಡ ಪ್ರಮಾಣದಲ್ಲಿ ಎದುರಿಸಿದ್ದು ಬೆಂಗಳೂರಿನ ಹೊರವಲಯದ ಕೈಗಾರಿಕಾ ಪ್ರದೇಶಗಳು. ನಮ್ಮ ಕಡೆಯ ಬಸ್ಸು ನೆಲಮಂಗಲ ದಾಟಿ ನಗರ ಹೊಗುವಾಗ ಬಲಕ್ಕೂ ಎಡಕ್ಕೂ ಕಾಣುವ ಶೆಡ್ಡುಗಳ ಸಾಲೇ ಪೀಣ್ಯ. ಪಂಪಿನ ಬಿಡಿಭಾಗಕ್ಕೋ ಅಡಿಕೆ ಸುಲಿಯುವ ಯಂತ್ರದ ರಿಪೇರಿಗೋ ನಮ್ಮಲ್ಲಿ ಅನೇಕರು ಅಲ್ಲಿ ಇಳಿದವರೇ. 1970ರ ದಶಕದಲ್ಲಿ ಬೆಳೆಯತೊಡಗಿದ ಈ ಪ್ರದೇಶದಲ್ಲಿ ಲೇತು, ಪ್ರೆಸ್ಸು, ಲೇಪನ, ಸಿದ್ಧ ಉಡುಪು ಹೀಗೆ ಸಾವಿರಾರು ಸಣ್ಣ ಘಟಕಗಳಿವೆ. ಮೊದಲು ತುಮಕೂರು, ಹಾಸನ, ಮಂಡ್ಯದ ಹುಡುಗರು ಬಂದರು. ತಮಿಳರು, ತೆಲುಗರು ಬಂದರು. ಆಮೇಲೆ ರಾಯಚೂರು, ಕಲಬುರಗಿ ಕಡೆಯವರು. ಈಗ ಬಿಹಾರ, ಒಡಿಶಾ, ಬಂಗಾಳದವರು. ಲಗ್ಗೆರೆ, ಹೆಗ್ಗನಹಳ್ಳಿ, ಅಂದ್ರಹಳ್ಳಿ, ಚೊಕ್ಕಸಂದ್ರಗಳಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಸಾಲುಮನೆಗಳೆದ್ದಿವೆ. ಆ ಮನೆಗಳಲ್ಲಿ ವಾಸಿಸುವವರು ಇವರೇ.

ಹೊಸಬರಿಗೆ ಜಾಗ ಕೊಟ್ಟರೆ ಸಾಕು, ತಾವೇ ನೆಲೆಯೂರುತ್ತಾರೆ ಎಂಬ ಭಾವನೆ ಹಳೆಯದು. ಅದರ ಒಂದು ಪರೀಕ್ಷೆ ಬೆಂಗಳೂರಿನ ಪೂರ್ವಕ್ಕೆ ನಡೆದುಹೋಗಿದೆ. 1882ರಲ್ಲಿ ಮೈಸೂರು ಮಹಾರಾಜರಾದ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿಯನ್ನು ಕೃಷಿ ವಸಾಹತಿಗೆಂದು ಕೊಟ್ಟರು. ಸಂಘದ ಮುಖ್ಯಸ್ಥ ಡಿ. ಎಸ್. ವೈಟ್ ಅವರ ಹೆಸರಿನಿಂದ ಅದು ವೈಟ್‌ಫೀಲ್ಡ್ ಆಯಿತು. ಜಾಗಕ್ಕೇನೂ ಕೊರತೆಯಿರಲಿಲ್ಲ. ಆದರೂ ನಿರೀಕ್ಷಿಸಿದಷ್ಟು ಕುಟುಂಬಗಳು ಬಂದು ನೆಲೆಸಲಿಲ್ಲ. ನೂರು ವರ್ಷಗಳಿಗೂ ಮೀರಿ ಸಣ್ಣ ಊರಾಗಿಯೇ ಇದ್ದ ಅದು, ಸಾಫ್ಟ್‌ವೇರ್ ಕಂಪನಿಗಳು ಬಂದ ಮೇಲಷ್ಟೇ ಜನಜಂಗುಳಿಯಾಯಿತು. ನೆಲವೊಂದೇ ಮನುಷ್ಯನನ್ನು ಹಿಡಿದಿಡಲಾರದು. ಗಿಡ ನೆಟ್ಟವರಿಗೆ ಇದು ಗೊತ್ತಿರುವ ಸಂಗತಿ.

ಹಾಗೆಯೇ, ವರ್ಷಗಟ್ಟಲೆ ದುಡಿದವರೂ ಒಂದೇ ದಿನದಲ್ಲಿ ಹೊರಟುಬಿಡಬಲ್ಲರು. 2012ರ ಆಗಸ್ಟ್ ತಿಂಗಳನ್ನು ನೆನಪು ಮಾಡಿಕೊಳ್ಳಿ. ಅಸ್ಸಾಮಿನ ಕೊಕ್ರಝಾರ್ ಕಡೆ ಗಲಭೆಯಾಗಿತ್ತು. ಈಶಾನ್ಯ ರಾಜ್ಯದವರ ಮೇಲೆ ಬೆಂಗಳೂರಿನಲ್ಲೂ ಹಲ್ಲೆಯಾಗಲಿದೆ ಎಂಬ ವದಂತಿ ಮೊಬೈಲ್ ಸಂದೇಶಗಳಲ್ಲಿ ಹರಡಿತು. ಕಾವಲುಗಾರರು, ಹೋಟೆಲ್ ಕೆಲಸದವರು, ವಿದ್ಯಾರ್ಥಿಗಳು ಸಾವಿರಾರು ಸಂಖ್ಯೆಯಲ್ಲಿ ನಗರದ ರೈಲು ನಿಲ್ದಾಣಕ್ಕೆ ನುಗ್ಗಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಆಗ ಗೃಹ ಸಚಿವರಾಗಿದ್ದ ಆರ್. ಅಶೋಕ ಅವರು ನಿಲ್ದಾಣಕ್ಕೇ ಹೋಗಿ "ಹೆದರಬೇಡಿ, ಉಳಿಯಿರಿ" ಎಂದು ಹೇಳಿದರೂ ರೈಲು ತುಂಬಿಯೇ ಹೊರಟಿತು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮುಖಪರಿಚಯವಿಲ್ಲದ ಸಚಿವರ ಮಾತಿಗಿಂತ ಊರಿನಿಂದ ಬಂದ ಸಂದೇಶಕ್ಕೆ ಬೆಲೆ ಹೆಚ್ಚು. "ಇದು ನಿಜವೇ?" ಎಂದು ಆ ರಾತ್ರಿ ಕೇಳಲು, ಹೆಸರು ಹಿಡಿದು ಕರೆಯಬಹುದಾದ ಒಬ್ಬ ಸ್ಥಳೀಯ ಮನುಷ್ಯ ಅವರಲ್ಲಿ ಎಷ್ಟು ಜನರಿಗೆ ಇದ್ದ? ಪ್ರಶ್ನೆಯ ಗಂಟು ಇಲ್ಲಿದೆ ಎಂದು ನನ್ನ ಅಭಿಪ್ರಾಯ.

2020ರಲ್ಲಿ ಇದಕ್ಕಿಂತ ದೊಡ್ಡದೇ ಆಯಿತು. ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂತು, ಕಾರ್ಖಾನೆ ಮುಚ್ಚಿತು, ಬಾಡಿಗೆ ಮಾತ್ರ ನಿಲ್ಲಲಿಲ್ಲ. ಮೇ ಮೊದಲ ವಾರ ಪೀಣ್ಯಕ್ಕೆ ಸಮೀಪದ ಚಿಕ್ಕಬಾಣಾವರ ನಿಲ್ದಾಣದಿಂದ ಬಿಹಾರ, ಒಡಿಶಾ ಕಡೆಗೆ ಶ್ರಮಿಕ ರೈಲುಗಳು ಹೊರಟವು. ನಡುವೆ, ಕಟ್ಟಡ ನಿರ್ಮಾಣದವರ ಜೊತೆ ಮುಖ್ಯಮಂತ್ರಿಗಳ ಸಭೆಯಾದ ಬೆನ್ನಿಗೇ ರಾಜ್ಯ ಸರ್ಕಾರ ರೈಲುಗಳು ಬೇಡವೆಂದು ಹೇಳಿ, ಟೀಕೆ ಎದ್ದ ಮೇಲೆ ಕೆಲವೇ ದಿನಗಳಲ್ಲಿ ಮತ್ತೆ ಒಪ್ಪಿತು. ಕೆಲಸಗಾರ ಬೇಕು, ಆದರೆ ಅವನಿಗೆ ಊಟ ಸಿಕ್ಕಿತೇ ಎಂದು ಕೇಳುವವರಿಲ್ಲ. ಆ ದಿನಗಳು ತೋರಿಸಿಕೊಟ್ಟದ್ದು ಇದನ್ನೇ.

ಇನ್ನು ನೆಲೆಯೂರಲು ಏನೇನು ಬೇಕು ಎಂಬ ವಿಚಾರಕ್ಕೆ ಬರೋಣ. ಮೊದಲು ಸೂರು ಮತ್ತು ಒಲೆ. ಪೀಣ್ಯದ ಸಾಲುಮನೆಯಲ್ಲಿ ಒಂದು ಕೋಣೆಗೆ ನಾಲ್ಕೈದು ಹುಡುಗರು ಸೇರಿಕೊಂಡು, ಇಬ್ಬರು ರಾತ್ರಿ ಪಾಳಿಗೆ ಹೋದಾಗ ಉಳಿದವರು ಮಲಗುವ ಪದ್ಧತಿಯುಂಟು. ಗ್ಯಾಸ್ ಸಂಪರ್ಕಕ್ಕೆ ವಿಳಾಸದ ಪುರಾವೆ ಬೇಕು, ಅದು ಅವರಲ್ಲಿರುವುದಿಲ್ಲ. ಹಾಗಾಗಿ ಕಳ್ಳ ದರದಲ್ಲಿ ಗ್ಯಾಸ್ ತುಂಬಿಸಿಕೊಳ್ಳುತ್ತಾರೆ, ಇದು ಅಪಾಯ. ತೈಲ ಕಂಪನಿಗಳು 5 ಕೆ.ಜಿ.ಯ ಸಣ್ಣ ಸಿಲಿಂಡರನ್ನು ವಿಳಾಸದ ಪುರಾವೆ ಕೇಳದೆ, ಬರೀ ಗುರುತಿನ ಚೀಟಿ ನೋಡಿ ಮಾರುತ್ತವೆ. ಈ ಒಂದು ಮಾತನ್ನು ಮನೆ ಮಾಲೀಕರು ಮೊದಲ ದಿನವೇ ಹೇಳಿದರೆ ಎಷ್ಟೋ ಉಪಕಾರ. ನಮ್ಮ ಲೈನ್ ಮನೆಗಳಿಗೂ ಇದು ಅನ್ವಯಿಸುತ್ತದೆ.

ಎರಡನೆಯದು ಪಡಿತರ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಸದಸ್ಯರಲ್ಲೂ ಬಹಳ ಜನಕ್ಕೆ ಇದು ತಿಳಿಯದು. 'ಒಂದು ದೇಶ ಒಂದು ಪಡಿತರ ಚೀಟಿ' ಎಂಬ ವ್ಯವಸ್ಥೆ 2022ರ ಜೂನ್‌ನಲ್ಲಿ ಅಸ್ಸಾಂ ಸೇರಿದ ಮೇಲೆ ಇಡೀ ದೇಶಕ್ಕೆ ಬಂದಿದೆ. ಎಲ್ಲ ರಾಜ್ಯಗಳೂ ಇದನ್ನು ಜಾರಿಗೆ ತರಬೇಕೆಂದು 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟೂ ಆದೇಶಿಸಿತ್ತು. ಇದರ ಅರ್ಥ ಹೀಗೆ: ಒಡಿಶಾದ ಒಬ್ಬ ಕೆಲಸಗಾರನ ಚೀಟಿಯಲ್ಲಿ ಅವನು, ಹೆಂಡತಿ, ಇಬ್ಬರು ಮಕ್ಕಳು ಸೇರಿ ನಾಲ್ಕು ಹೆಸರಿದೆ ಎನ್ನಿ. ತಲೆಗೆ 5 ಕೆ.ಜಿ.ಯಂತೆ ತಿಂಗಳಿಗೆ 20 ಕೆ.ಜಿ. ಧಾನ್ಯ ಅವರ ಪಾಲು. ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಈ ಧಾನ್ಯ 2023ರ ಜನವರಿಯಿಂದ ಉಚಿತ. ಅವನು ತನ್ನ ಪಾಲಿನ 5 ಕೆ.ಜಿ.ಯನ್ನು ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಪಡೆಯಬಹುದು. ಉಳಿದ 15 ಕೆ.ಜಿ.ಯನ್ನು ಹೆಂಡತಿ ಊರಿನಲ್ಲೇ ಪಡೆಯಬಹುದು. ಹೊಸ ಚೀಟಿ ಬೇಡ, ಅರ್ಜಿ ಬೇಡ. ಚೀಟಿಯ ಸಂಖ್ಯೆ ಅಥವಾ ಆಧಾರ್ ಸಂಖ್ಯೆ, ಮತ್ತು ಹೆಬ್ಬೆರಳು ಸಾಕು. ನಮ್ಮ ರಾಜ್ಯ ತನ್ನ ಕಾರ್ಡುದಾರರಿಗೆ ಸ್ವಂತ ಲೆಕ್ಕದಲ್ಲಿ ಕೊಡುವ ಹೆಚ್ಚುವರಿ ಪಾಲು ಮಾತ್ರ ಅವರಿಗೆ ಸಿಗುವುದಿಲ್ಲ.

ಕಾಗದದಲ್ಲಿ ಇಷ್ಟು ಸುಲಭ. ಅಂಗಡಿಯ ಮುಂದೆ ಬೇರೆ ಕತೆ. ಭಾಷೆ ಬಾರದ ಹುಡುಗ ಸರದಿಯಲ್ಲಿ ನಿಂತು ಹಿಂದಿಯಲ್ಲಿ ಏನೋ ಕೇಳುತ್ತಾನೆ, ಅಂಗಡಿಯವರು "ನಿಂದು ಇಲ್ಲಿಯ ಕಾರ್ಡಲ್ಲ" ಎಂದು ಕೈಯಾಡಿಸುತ್ತಾರೆ, ಅವನು ವಾಪಸಾಗುತ್ತಾನೆ. ಎರಡನೇ ಸಲ ಹೋಗುವುದಿಲ್ಲ. ಅದೇ ಹುಡುಗನ ಜೊತೆ ಒಬ್ಬ ಕನ್ನಡದವನು, ಕಾರ್ಖಾನೆಯ ಸೂಪರ್‌ವೈಸರನೋ ಮನೆ ಮಾಲೀಕನ ಮಗನೋ, ಒಂದೇ ಒಂದು ಸಲ ಹೋದರೆ ಸಾಕು, ಮುಂದಿನ ತಿಂಗಳಿನಿಂದ ಅವನೇ ಹೋಗಿ ತರುತ್ತಾನೆ.

ಶಾಲೆಯ ಮಾತೂ ಹಾಗೆಯೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ಜನನ ಪತ್ರವಿಲ್ಲವೆಂದು ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ವರ್ಗಾವಣೆ ಪತ್ರ ತಡವಾಯಿತೆಂಬ ನೆಪವೂ ಸಲ್ಲದು. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಹಿಂದುಳಿದ ಪಾಠವನ್ನು ಪ್ರತ್ಯೇಕವಾಗಿ ಕಲಿಸಬೇಕು. ತಂದೆ ತಾಯಿ ಕೆಲಸಕ್ಕೆ ಹೋದಾಗ ಮಗು ಶೆಡ್ಡಿನಲ್ಲಿ ತಮ್ಮ ತಂಗಿಯರನ್ನು ನೋಡಿಕೊಂಡು ಕೂರುವುದಕ್ಕಿಂತ ಅಂಗನವಾಡಿ, ಶಾಲೆ ಮೇಲು. ಇನ್ನೊಂದು ಲಾಭವುಂಟು. ಶಾಲೆಗೆ ಹೋಗುವ ಮಗು ಐದಾರು ತಿಂಗಳಲ್ಲಿ ಕನ್ನಡ ಹಿಡಿಯುತ್ತದೆ. ಆಮೇಲೆ ಆಸ್ಪತ್ರೆಯಲ್ಲಿ, ಅಂಗಡಿಯಲ್ಲಿ ತಾಯಿಗೆ ಅದೇ ದುಭಾಷಿ. ನಮ್ಮ ತೋಟಗಳ ಪಕ್ಕದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿದು ಮುಚ್ಚುವ ಭಯವಿರುವ ಈ ಕಾಲದಲ್ಲಿ, ಇದನ್ನು ಶಾಲಾಭಿವೃದ್ಧಿ ಸಮಿತಿಯಲ್ಲಿರುವ ಸದಸ್ಯರು ಯೋಚಿಸಬೇಕು.

ಭಾಷೆಯ ಬಗ್ಗೆ ಕೆಲವು ಸದಸ್ಯರು ಬಿಸಿಯಾಗಿ ಮಾತಾಡುತ್ತಾರೆ. "ಬಂದವರು ಕನ್ನಡ ಕಲಿಯಲಿ" ಎನ್ನುತ್ತಾರೆ. ಕಲಿಯಲೇಬೇಕು, ನನಗೂ ಅದೇ ಆಸೆ. ಆದರೆ ಗದರಿಸಿದರೆ ಯಾರೂ ಕಲಿಯರು. ಪ್ರೆಸ್ಸಿನ ಕೆಳಗೆ ಕೈಯಿಡುವವನಿಗೆ 'ನಿಲ್ಲಿಸು', 'ಕೈ ತೆಗೆ', 'ಕರೆಂಟು' ಎಂಬ ಮೂರು ಮಾತು ಮೊದಲ ದಿನವೇ ಬರಬೇಕು, ಅದು ಪ್ರಾಣದ ಪ್ರಶ್ನೆ. ಉಳಿದದ್ದು ಜೊತೆಯಲ್ಲಿ ಕೂತು ಉಂಡರೆ ಬರುತ್ತದೆ. ಅಲ್ಲದೆ ಭಾಷೆಯೇ ಎಲ್ಲವೂ ಅಲ್ಲ. ಪೀಣ್ಯದಲ್ಲೂ ವೈಟ್‌ಫೀಲ್ಡಿನಲ್ಲೂ ಕಟ್ಟಡ ಕಟ್ಟುವ ಯಾದಗಿರಿ, ರಾಯಚೂರಿನವರು ಅಚ್ಚ ಕನ್ನಡದವರು. ಆದರೂ 2020ರ ಜನವರಿಯಲ್ಲಿ ಬೆಳ್ಳಂದೂರು ಸಮೀಪದ ಕರಿಯಮ್ಮನ ಅಗ್ರಹಾರದಲ್ಲಿ 'ಬಾಂಗ್ಲಾದೇಶದವರು' ಎಂಬ ಆರೋಪ ಹೊರಿಸಿ ಶೆಡ್ಡುಗಳನ್ನು ಕೆಡವಿದಾಗ, ಈಶಾನ್ಯ ರಾಜ್ಯಗಳವರ ಜೊತೆಗೆ ಉತ್ತರ ಕರ್ನಾಟಕದವರೂ ಬೀದಿಗೆ ಬಿದ್ದರು. ವಿಷಯ ಹೈಕೋರ್ಟಿಗೆ ಹೋಯಿತು.

ನಮ್ಮ ಮಕ್ಕಳೂ ವಲಸೆ ಹೋದವರೇ ಎಂಬುದನ್ನು ಮರೆಯಬಾರದು. ಕೊಪ್ಪದ ಹುಡುಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಕ್ಕೆ ಸೇರುವಾಗ ಮೊದಲು ಮಲ್ಲೇಶ್ವರದ ಮಾವನ ಮನೆಯಲ್ಲಿ ಒಂದು ವಾರ ಇರುತ್ತಾನೆ. ಜಾತಿಯ ಹಾಸ್ಟೆಲು, ಊರಿನ ಗೆಳೆಯನ ಪಿ.ಜಿ., ಹೀಗೆ ಏನಾದರೊಂದು ಇರುತ್ತದೆ. ನಮ್ಮ ತಂದೆಯವರ ಕಾಲದಲ್ಲಿ ಪಟ್ಟಣಕ್ಕೆ ಹೋಗುವವನ ಜೇಬಿನಲ್ಲಿ ಒಂದು ಪರಿಚಯದ ಚೀಟಿ ಇರುತ್ತಿತ್ತು: "ಇವನು ನಮ್ಮ ಪೈಕಿ, ಸ್ವಲ್ಪ ನೋಡಿಕೊಳ್ಳುವುದು." ಕೊಕ್ರಝಾರಿನಿಂದಲೋ ಗುಮ್ಲಾದಿಂದಲೋ ಬಂದವನ ಜೇಬಿನಲ್ಲಿ ಇರುವುದು ಮೇಸ್ತ್ರಿಯ ಫೋನ್ ನಂಬರೊಂದೇ. ಮೇಸ್ತ್ರಿ ಕಮಿಷನ್ ತೆಗೆದುಕೊಂಡು ಬೇರೆ ತೋಟಕ್ಕೆ ಹೋದ ಮೇಲೆ ಆ ನಂಬರೂ ಇಲ್ಲ. ಉಡುಪು ಕಾರ್ಖಾನೆಗಳು ಒಡಿಶಾ, ಜಾರ್ಖಂಡ್‌ನಿಂದ ಕರೆತಂದು ಹಾಸ್ಟೆಲಿನಲ್ಲಿಡುವ ಹೆಣ್ಣುಮಕ್ಕಳ ಪಾಡು ಇನ್ನೂ ಬಿಗಿ. ವಾರ್ಡನ್ ಒಬ್ಬರನ್ನು ಬಿಟ್ಟರೆ ಅವರಿಗೆ ಊರಿನಲ್ಲಿ ಯಾರೂ ಗೊತ್ತಿಲ್ಲ.

ಕಾನೂನು ಏನೆನ್ನುತ್ತದೆ? ಅಂತರರಾಜ್ಯ ವಲಸೆ ಕಾರ್ಮಿಕರಿಗಾಗಿ 1979ರಲ್ಲಿ ಒಂದು ಕಾಯ್ದೆ ಬಂದಿತ್ತು. ಐದು ಜನರಿಂದ ಮೇಲ್ಪಟ್ಟು ಗುತ್ತಿಗೆಯಲ್ಲಿ ಕರೆತಂದರೆ ಪಾಸ್‌ಬುಕ್ಕು, ಪ್ರಯಾಣ ಭತ್ಯೆ, ತಿಂಗಳ ಕೂಲಿಯ ಅರ್ಧದಷ್ಟು ಸ್ಥಳಾಂತರ ಭತ್ಯೆ, ವಸತಿ ಕೊಡಬೇಕೆಂದು ಅದು ಹೇಳುತ್ತಿತ್ತು. ಬರೆದದ್ದು ಚೆನ್ನಾಗಿತ್ತು, ನಡೆದದ್ದು ಅಲ್ಪ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಅದು ಸೇರಿಹೋಗಿದೆ. ಮೇಸ್ತ್ರಿಯಿಲ್ಲದೆ ತಾನಾಗಿ ಬಂದವನನ್ನೂ ಹೊಸ ಸಂಹಿತೆ ವಲಸೆ ಕಾರ್ಮಿಕನೆಂದು ಒಪ್ಪುತ್ತದೆ, ಇದು ಒಳ್ಳೆಯದು. ಆದರೆ ಸ್ಥಳಾಂತರ ಭತ್ಯೆ ಹೋಗಿದೆ, ಮಿತಿ ಹತ್ತು ಜನಕ್ಕೆ ಏರಿದೆ. ಮೂರು ನಾಲ್ಕು ಎಕರೆಯ ನಮ್ಮ ಸದಸ್ಯರ ತೋಟದಲ್ಲಿ ಹತ್ತು ಜನ ವಲಸೆ ಆಳುಗಳಿರುವುದು ಅಪರೂಪ. ಅಂದರೆ ನಮ್ಮ ತೋಟದೊಳಕ್ಕೆ ಈ ಕಾನೂನು ಬರುವುದೇ ಇಲ್ಲ. ಅಲ್ಲಿ ಏನಾದರೂ ನಡೆದರೆ ನಮ್ಮಿಂದಲೇ ನಡೆಯಬೇಕು.

ನಮಗೆ ಇದು ಹೊಸತಂತೂ ಅಲ್ಲ. ಕರಾವಳಿಯಿಂದ ಘಟ್ಟ ಹತ್ತಿ ಬರುತ್ತಿದ್ದವರು, ತಮಿಳುನಾಡಿನಿಂದ ಬಂದು ಲೈನುಗಳಲ್ಲಿ ತಲೆಮಾರು ಕಳೆದವರು ಇಲ್ಲದಿದ್ದರೆ ಮಲೆನಾಡಿನ ಕಾಫಿ ಬೆಳೆಯುತ್ತಲೇ ಇರಲಿಲ್ಲ. 1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದ ಮೇರೆಗೆ ಶ್ರೀಲಂಕಾದಿಂದ ಬಂದ ತಮಿಳರಲ್ಲಿ ಕೆಲವರಿಗೆ ಸುಳ್ಯ, ಪುತ್ತೂರು ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸವೂ ಮನೆಯೂ ದೊರೆತವು. ಅವರ ಮಕ್ಕಳು ಅಲ್ಲಿನ ಶಾಲೆಗಳಲ್ಲಿ ಕನ್ನಡದಲ್ಲೇ ಓದಿದರು.

ಈ ವರ್ಷದ ಕೊಯ್ಲಿಗೆ ಮುಂಚೆ ಸಂಘದ ಕಡೆಯಿಂದ ಮಾಡಲು ಆಡಳಿತ ಮಂಡಳಿ ಒಪ್ಪಿರುವುದು ಇಷ್ಟು. ಹೊರಗಿನಿಂದ ಆಳು ಕರೆಸುವ ಸದಸ್ಯರು ಬಂದವರ ಹೆಸರು, ಊರು, ಮನೆಯವರ ಫೋನ್ ನಂಬರನ್ನು ಬರೆದಿಟ್ಟುಕೊಳ್ಳಬೇಕು. ತಮ್ಮ ನಂಬರನ್ನು ಅವರ ಮನೆಯವರಿಗೂ ಕೊಡಬೇಕು. ಮೊದಲ ವಾರದಲ್ಲೇ ರೈಟರ್ ಅಥವಾ ಮನೆಯವರೊಬ್ಬರು ಅವರನ್ನು ನ್ಯಾಯಬೆಲೆ ಅಂಗಡಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಪರಿಚಯ ಮಾಡಿಸಬೇಕು. ಇ-ಶ್ರಮ್ ನೋಂದಣಿಯಾಗದವರನ್ನು ಸಂತೆಯ ದಿನ ಕಚೇರಿಗೆ ಕಳಿಸಿದರೆ ನಮ್ಮ ಗುಮಾಸ್ತರು ಮಾಡಿಕೊಡುತ್ತಾರೆ. ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ತರಲಿ. ಹಣ್ಣು ಕುಯ್ದು, ಅಡಿಕೆ ಸುಲಿದು ಬೆರಳ ಗೆರೆ ಸವೆದವರಿಗೆ ಪಡಿತರದ ಯಂತ್ರ ಹೆಬ್ಬೆರಳನ್ನು ಒಪ್ಪದಿರುವುದುಂಟು. ಅಂಥವರು ಕೈ ತೊಳೆದು ಒರೆಸಿ ಬೇರೆ ಬೆರಳನ್ನು ಇಟ್ಟು ನೋಡಬೇಕು. ಅದೂ ಆಗದಿದ್ದರೆ, ಅದೇ ಚೀಟಿಯಲ್ಲಿ ಹೆಸರಿರುವ ಇನ್ನೊಬ್ಬರು ಜೊತೆಗಿದ್ದಲ್ಲಿ ಅವರ ಬೆರಳನ್ನು ಕೊಡಿಸಬಹುದು.