ಮುಖ ಸುಣ್ಣ, ಹಿಂದೆ ಕತ್ತಲು

ಪ್ರಶ್ನೆ: ಮನೆಯೊಳಗೆ ಫ್ಲ್ಯಾಶ್ ಹಾಕಿ ಫೋಟೊ ತೆಗೆದರೆ ಮುಖ ಸುಣ್ಣ ಬಳಿದಂತೆ ಕಾಣುತ್ತದೆ, ಹಿಂದೆಲ್ಲ ಕತ್ತಲು. ಯಾಕೆ?

ಉತ್ತರ: ಫ್ಲ್ಯಾಶಿನ ಬೆಳಕು ದೂರ ಹೋದಷ್ಟೂ ಬೇಗ ಸೊರಗುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ಅರ್ಧವಲ್ಲ, ಕಾಲು ಭಾಗ. ಅಜ್ಜಿ ಕ್ಯಾಮೆರಾದಿಂದ 1 ಮೀಟರ್ ದೂರ, ಗೋಡೆ 3 ಮೀಟರ್ ದೂರ ಇದ್ದರೆ ಗೋಡೆಗೆ ಸಿಗುವುದು ಒಂಬತ್ತರಲ್ಲಿ ಒಂದು ಪಾಲು ಮಾತ್ರ.

ಶಟರ್ ವೇಗವನ್ನು 1/200ರಿಂದ 1/60ಕ್ಕೆ ಇಳಿಸಿ ನೋಡಿ. ಫ್ಲ್ಯಾಶ್ ಮಿಂಚಿ ಮಾಯವಾಗುವುದು ಅದಕ್ಕಿಂತ ಎಷ್ಟೋ ಬೇಗ; ಹಾಗಾಗಿ ಮುಖದ ಮೇಲಿನ ಫ್ಲ್ಯಾಶ್ ಬೆಳಕು ಬದಲಾಗದು, ಕೋಣೆಯ ಬಲ್ಬಿನ ಬೆಳಕು ಮಾತ್ರ ಹೆಚ್ಚು ಹೊತ್ತು ಒಳಬರುತ್ತದೆ. ಹಿಂದಿನ ದೇವರ ಪಟ, ಕ್ಯಾಲೆಂಡರ್ ಎಲ್ಲ ಕಾಣತೊಡಗುತ್ತವೆ.

ಇನ್ನು ಆ ಸುಣ್ಣದ ಕಳೆ. ಪುಟ್ಟ ದೀಪ ನೇರವಾಗಿ ಎದುರಿನಿಂದ ಹೊಡೆದರೆ ಮೂಗು, ಕೆನ್ನೆಯ ಏರಿಳಿತ ತೋರಿಸುವ ನೆರಳೇ ಉಳಿಯದು. ಫ್ಲ್ಯಾಶಿನ ತಲೆ ತಿರುಗುವಂಥದ್ದಾದರೆ ಪಕ್ಕದ ಬಿಳಿ ಗೋಡೆಗೆ ತಿರುಗಿಸಿ. ಇಡೀ ಗೋಡೆಯೇ ಕಿಟಕಿಯಂತೆ ಮೃದುವಾಗಿ ಬೆಳಗುತ್ತದೆ. ಸೂರಿಗಿಂತ ನನಗೆ ಗೋಡೆಯೇ ಇಷ್ಟ, ಸೂರಿನಿಂದ ಬಿದ್ದ ಬೆಳಕು ಕಣ್ಣಿನ ಗುಳಿಯಲ್ಲಿ ಕಪ್ಪು ಉಳಿಸುತ್ತದೆ. ಒಂದೇ ಎಚ್ಚರ: ಗೋಡೆ ಹಸಿರಾಗಿದ್ದರೆ ಅಜ್ಜಿಯ ಕೆನ್ನೆಯೂ ಹಸಿರು.