ಇಂಗುಗುಂಡಿ ತೋಡೋ ಮುಂಚೆ ಮಣ್ಣಿಗೆ ನೀರು ಕುಡಿಸಿ ನೋಡಿ

ಬಿ.ಕಾಂ. ಓದಿದ ನಂಗೆ ಮಣ್ಣಿನ ಉಸಾಬರಿ ಯಾಕೆ ಅಂತೀರಾ? ಗದಗ ಹತ್ತಿರ ನಮ್ಮ ಸೋದರಮಾವ ಮನೆ ಕಟ್ಟಿಸ್ತಿದಾರೆ. ಒಳಚರಂಡಿ ಇಲ್ಲ, ಸೈಟು ಪೂರಾ ಎರೆಮಣ್ಣು. "ಇಂಗುಗುಂಡಿ ತೋಡಿದ್ರ ಮುಗೀತರಿ" ಅಂದ್ರು ಗೌಂಡಿ.

ಮುಗಿಯಲ್ಲ. ಸೆಪ್ಟಿಕ್ ಟ್ಯಾಂಕ್ ನೀರನ್ನ ಪೂರ್ತಿ ಶುದ್ಧ ಮಾಡಲ್ಲ. ಗಟ್ಟಿ ತಳದಲ್ಲಿ ಕೂರುತ್ತೆ, ನೀರು ಹೊರಗೆ ಬರುತ್ತೆ. ಉಳಿದ ಕೆಲಸ ಮಣ್ಣಿಂದು. ಆ ಮಣ್ಣು ನೀರು ಹೀರುತ್ತಾ ಅಂತ ನೋಡೋ ವಿಧಾನ ಐಎಸ್ 2470 ಅನ್ನೋ ಭಾರತೀಯ ಮಾನಕದಲ್ಲಿದೆ.

ಗುಂಡಿ ತೋಡಿ, ತಳಕ್ಕೆ ದಪ್ಪ ಮರಳು ಹಾಕಿ, ನೀರು ತುಂಬಿ ರಾತ್ರಿಯಿಡೀ ಬಿಡಬೇಕು. ಮರುದಿನ ಮತ್ತೆ ನೀರು ಹಾಕಿ, 25 ಮಿ.ಮೀ. ಇಳಿಯೋಕೆ ಎಷ್ಟು ನಿಮಿಷ ಅಂತ ಲೆಕ್ಕ. 30ರೊಳಗಾದ್ರೆ ಇಂಗುಗುಂಡಿ ನಡೆಯುತ್ತೆ. 60 ದಾಟಿದ್ರೆ ಇಂಗಿಸೋ ಯೋಚನೆಯೇ ಬೇಡ, ಫಿಲ್ಟರ್ ಬೇಕು.

ರಾತ್ರಿಯಿಡೀ ಯಾಕೆ? ಒಣಗಿದ ಎರೆಮಣ್ಣು ಬಿರುಕು ಬಿಟ್ಟಿರುತ್ತೆ, ಬೇಸಿಗೆಯಲ್ಲಿ ಗಟಗಟ ಕುಡಿಯುತ್ತೆ. ನೆನೆದ್ರೆ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತೆ. ಮಾವನ ಗುಂಡಿಯಲ್ಲೂ ಅದೇ ಆಯ್ತು: ಮೊದಲ ದಿನ ಕೊಡ ಸುರಿದಷ್ಟೂ ಮಾಯ, ಮರುದಿನ ಒಂದು ಗಂಟೆ ಕಾದರೂ ಅರ್ಧ ಇಂಚು ಇಳಿದಿರಲಿಲ್ಲ. ಗೌಂಡಿ ಸುಮ್ಮನಾದ್ರು.

ಇನ್ನೊಂದು. ಕುಡಿಯೋ ನೀರಿನ ಬಾವಿಯಿಂದ ಇಂಗುಗುಂಡಿ ಕನಿಷ್ಠ 18 ಮೀಟರ್ ದೂರ ಇರಬೇಕು. ಟೇಪ್ ಹಿಡಿದು ನೋಡಿದ್ರೆ ಪಕ್ಕದ ಮನೆ ಅಜ್ಜಿಯ ಬಾವಿ ಬರೀ 11 ಮೀಟರ್! ಮಾವ ಈಗ ಫಿಲ್ಟರ್‌ಗೆ ಕೊಟೇಶನ್ ಕೇಳ್ತಿದಾರೆ. ಬಜೆಟ್ ಏರಿದೆ, ನನ್ನ ಮೇಲೆ ಸ್ವಲ್ಪ ಸಿಟ್ಟೂ ಇದೆ.