ಗುಂಡು ಎಷ್ಟು ಆಳ ಕೂರಬೇಕು?

ಮೂತಿಯಿಂದ ಮದ್ದು ತುಂಬುವ ಹಳೇ ಕೋವಿಗಳಲ್ಲಿ ಗುಂಡು ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಒಂದು ಕಡ್ಡಿ ಸಾಕು. ಮದ್ದು ಸುರಿದು, ಗುಂಡು ಇಳಿಸಿ ಜಡಿದ ಮೇಲೆ ಕಡ್ಡಿ ನಳಿಗೆಯಿಂದ ಎಷ್ಟು ಹೊರಗೆ ಉಳಿದಿದೆ ಎಂದು ನೋಡುವುದು. ಮೊದಲೇ ಹಾಕಿಟ್ಟ ಗೀಟು ನಳಿಗೆಯ ಬಾಯಿಗೆ ಸರಿಯಾಗಿ ನಿಂತರೆ ಗುಂಡು ಮದ್ದಿನ ಮೇಲೆ ಕೂತಿದೆ. ಗೀಟು ಮೇಲೆಯೇ ಉಳಿದರೆ ನಡುವೆ ಪೊಳ್ಳಿದೆ. ಹಾಗೇ ಈಡು ಹೊಡೆದರೆ ನಳಿಗೆಯೇ ಸೀಳಬಹುದು.

ಈಗಿನ ರೈಫಲ್ಲಿನಲ್ಲಿ ಗುಂಡು, ಮದ್ದು, ಕೇಪು ಮೂರೂ ಒಂದೇ ಹಿತ್ತಾಳೆಯ ತೋಟೆಯೊಳಗೆ ಸೇರಿಕೊಂಡಿವೆ. ಪ್ರಶ್ನೆ ಮಾತ್ರ ಹಾಗೇ ಉಳಿದಿದೆ. ಅಮೆರಿಕದಲ್ಲಿ ಗುರಿಕಾರರೂ ಬೇಟೆಗಾರರೂ ಹಾರಿಸಿದ ತೋಟೆಯ ಖಾಲಿ ಕೇಸುಗಳನ್ನು ಎತ್ತಿಟ್ಟುಕೊಂಡು, ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತಂದು, ಹೊಸ ಕೇಪು, ಮದ್ದು, ಗುಂಡು ಕೂರಿಸಿ ಮತ್ತೆ ಬಳಸುತ್ತಾರೆ. ಅದಕ್ಕೆ ರೀಲೋಡಿಂಗ್ ಎನ್ನುತ್ತಾರೆ. ಅಲ್ಲಿ ಅದು ಮನೆಯ ಗ್ಯಾರೇಜಿನ ಹವ್ಯಾಸ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ತೋಟೆ ತಯಾರಿಸುವುದು ಗಂಭೀರ ಅಪರಾಧ. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ; ಮನೆಯಲ್ಲಿ ತೋಟೆ ಕಟ್ಟುವುದಕ್ಕಲ್ಲ. ಆದ್ದರಿಂದ ಇಲ್ಲಿ ಹೇಳುವುದು ಇದಕ್ಕೆ ಕಾನೂನಿನ ಅವಕಾಶವಿರುವ ದೇಶದ ಮಾತು.

ಟೆಕ್ಸಾಸಿನಲ್ಲಿರುವ ನನ್ನ ಗೆಳೆಯರೊಬ್ಬರು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ಪೀಣ್ಯದಲ್ಲಿ ಕೆಲವು ವರ್ಷ ಲೇತ್ ಮುಂದೆ ನಿಂತವರು. ಅವರ ಗ್ಯಾರೇಜಿನಲ್ಲಿ ಕೂತಿದ್ದಾಗ ಐದು ತೋಟೆಗಳನ್ನು ಮುಂದಿಟ್ಟು, ಕೈಗೆ ವರ್ನಿಯರ್ ಕೊಟ್ಟು, "ಉದ್ದ ಅಳೀರಿ ನೋಡೋಣ" ಎಂದರು. ಬುಡದಿಂದ ತುದಿಗೆ ಅಳೆದೆ. 2.803, 2.797, 2.806, 2.800, 2.795 ಇಂಚು. ಒಂದಕ್ಕೊಂದು ತಾಳೆಯಿಲ್ಲ. "ಐದೂ ಒಂದೇ ಆಳಕ್ಕೆ ಕೂತಿವೆ, ತಪ್ಪು ತೋಟೆಯದಲ್ಲ, ನೀವು ಹಿಡಿದ ಜಾಗದ್ದು" ಎಂದು ನಕ್ಕರು.

ಅವರ ನಗು ಅರ್ಥವಾಗಬೇಕಾದರೆ ಗುಂಡಿನ ಆಕಾರ ನೋಡಬೇಕು. ರೈಫಲ್ ಗುಂಡು ಹಿಂದೆ ನೇರ ಉರುಳೆ, ಮುಂದೆ ಹೋಗುತ್ತ ಬಾಗಿ ಚೂಪಾಗುತ್ತದೆ. ಬಾಗು ಶುರುವಾಗುವ ಜಾಗವನ್ನು ಹೆಗಲು ಎನ್ನೋಣ. ಆ ಬಾಗಿಗೆ ಇಂಗ್ಲಿಷಿನವರ ಹೆಸರು ಓಜೈವ್. ತುದಿ ಮಾತ್ರ ನಂಬಿಕೆಗೆ ಯೋಗ್ಯವಲ್ಲ. ಬೇಟೆ ಗುಂಡಿನ ಸೀಸದ ಮೊನೆ ಡಬ್ಬಿಯೊಳಗೇ ನಗ್ಗುತ್ತದೆ. ಸ್ಪರ್ಧೆಯ ಗುಂಡಿನ ತುದಿಯಲ್ಲಿ ಸಣ್ಣ ತೂತಿರುತ್ತದೆ, ಅದರ ಅಂಚು ಒಂದೊಂದರಲ್ಲಿ ಒಂದೊಂದು ಥರ. ತುದಿಯಿಂದ ಅಳೆಯುವುದೆಂದರೆ ಜುಟ್ಟು ಸೇರಿಸಿ ಆಳಿನ ಎತ್ತರ ಅಳೆದ ಹಾಗೆ. ಗುಂಡನ್ನು ಕೇಸಿನೊಳಗೆ ಒತ್ತುವ ಅಚ್ಚಿನ ಕಡ್ಡಿ ಕೂಡ ತುದಿಯನ್ನು ಮುಟ್ಟುವುದಿಲ್ಲ, ಬಾಗಿದ ಮೈಯನ್ನು ಹಿಡಿದು ಒತ್ತುತ್ತದೆ. ಆದ್ದರಿಂದ ಹೆಗಲು ಸರಿಯಾದ ಜಾಗಕ್ಕೆ ಬಂದು ನಿಂತಿರುತ್ತದೆ, ತುದಿ ಮಾತ್ರ ಹಿಂದೆ ಮುಂದೆ.

ನಳಿಗೆಗೂ ಬೇಕಾದದ್ದು ಹೆಗಲೇ. ನಳಿಗೆಯ ಒಳಗೆ ಸುರುಳಿಯಾಗಿ ಕೊರೆದ ತೋಡುಗಳಿವೆ, ಎರಡು ತೋಡಿನ ನಡುವೆ ಏಣು. 308 ವಿಂಚೆಸ್ಟರ್ ಎಂಬ ತೋಟೆಯನ್ನೇ ತೆಗೆದುಕೊಳ್ಳಿ. ಏಣಿನಿಂದ ಏಣಿಗೆ 0.300 ಇಂಚು, ಅಂದರೆ 7.62 ಮಿ.ಮೀ. ತೋಡಿನಿಂದ ತೋಡಿಗೆ 0.308 ಇಂಚು. ಗುಂಡಿನ ದಪ್ಪವೂ 0.308. (ಸೇನೆಯವರು ಏಣು ಹಿಡಿದು 7.62 ಎಂದರು, ಕಂಪನಿಯವರು ತೋಡು ಹಿಡಿದು 308 ಎಂದರು. ಹೆಸರಿನ ಗೊಂದಲಕ್ಕೆ ಮೂಲ ಇದು.) ಗುಂಡು ಕೇಸಿನ ಕತ್ತಿನಿಂದ ಹೊರಟು ಸ್ವಲ್ಪ ದೂರ ಬರಿದೇ ಸಾಗಿ, ಹೆಗಲು ಏಣಿಗೆ ತಾಗಿದ ಕೂಡಲೇ ಕಚ್ಚಿಕೊಂಡು ತಿರುಗತೊಡಗುತ್ತದೆ. ಆ ಬರಿದೇ ಸಾಗುವ ದೂರಕ್ಕೆ ಜಂಪ್ ಎಂದು ಹೆಸರು. ರೀಲೋಡ್ ಮಾಡುವವರು ಇಷ್ಟೆಲ್ಲ ಅಳೆಯುವುದು ಕಣ್ಣಿಗೆ ಕಾಣದ ಈ ಸಂದಿಯ ಸಲುವಾಗಿ.

ಹೆಗಲನ್ನು ಹಿಡಿದು ಅಳೆಯಲು ಕಂಪಾರೇಟರ್ ಎಂಬ ಚಿಕ್ಕ ಸಾಧನವಿದೆ. ವರ್ನಿಯರಿನ ಒಂದು ದವಡೆಗೆ ಸ್ಕ್ರೂ ಹಾಕಿ ಕೂರಿಸುವ ಲೋಹದ ತುಂಡು, ನಡುವೆ ಗುಂಡಿನ ದಪ್ಪಕ್ಕಿಂತ ತುಸು ಕಿರಿದಾದ ತೂತು. ದವಡೆ ಮುಚ್ಚಿ ಸೊನ್ನೆ ಮಾಡಿಕೊಂಡು, ತೋಟೆಯ ಮೂತಿಯನ್ನು ತೂತಿಗೆ ತೂರಿಸಿದರೆ ಹೆಗಲಿನ ಬಳಿ ಹೋಗಿ ನಿಲ್ಲುತ್ತದೆ. ತೋಟೆಯನ್ನು ಬೆರಳಲ್ಲಿ ಮೆಲ್ಲಗೆ ಉರುಳಿಸುತ್ತ ಬರುವ ಅತಿ ಕಡಿಮೆ ಅಂಕಿಯನ್ನು ಓದಬೇಕು. ಓರೆಯಾಗಿ ಕೂತರೆ ಅಂಕಿ ಸುಳ್ಳು ಹೇಳುತ್ತದೆ. ಅದೇ ಐದು ತೋಟೆಗಳನ್ನು ಹೀಗೆ ಅಳೆದಾಗ 2.214, 2.215, 2.214, 2.214, 2.215. ಆಗ ನಾನೂ ನಕ್ಕೆ.

ಇನ್ನು ಏಣು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಕಂಡುಹಿಡಿಯಬೇಕು. ಅದು ರೈಫಲ್ಲಿಂದ ರೈಫಲ್ಲಿಗೆ ಬೇರೆ. ಈಗ ಹಲವರು ಬಳಸುವುದು ಬುಡದಲ್ಲಿ ತೂತು ಕೊರೆದು ಥ್ರೆಡ್ ಹಾಕಿದ ಕೇಸು. ಅದನ್ನು ಒಂದು ಸರಳಿನ ತುದಿಗೆ ತಿರುಗಿಸಿ, ಕತ್ತಿನಲ್ಲಿ ಗುಂಡನ್ನು ಸಡಿಲವಾಗಿ ಇಟ್ಟು, ನಳಿಗೆಯಲ್ಲಿ ತೋಟೆ ಕೂರುವ ಚೇಂಬರಿಗೆ ತೂರಿಸುತ್ತಾರೆ. ಒಳಗಿನ ಸಣ್ಣ ಕಡ್ಡಿಯಿಂದ ಗುಂಡನ್ನು ಮೆಲ್ಲಗೆ ಮುಂದೆ ತಳ್ಳಿದರೆ ಏಣಿಗೆ ತಾಗಿ ನಿಲ್ಲುತ್ತದೆ. ಸ್ಕ್ರೂ ಬಿಗಿದು, ಹೊರತೆಗೆದು, ಅದೇ ಕಂಪಾರೇಟರಿನಲ್ಲಿ ಅಳೆಯುವುದು. ತಳ್ಳುವ ಕೈ ಹಗುರವಾಗಿರಬೇಕು. ಜೋರಾಗಿ ಒತ್ತಿದರೆ ಗುಂಡು ಏಣಿನೊಳಗೆ ಸಿಕ್ಕಿಕೊಂಡು ಕೆಲವು ಸಾವಿರಾಂಶ ಇಂಚು ಹೆಚ್ಚು ತೋರುತ್ತದೆ. ಅದಕ್ಕೇ ಐದಾರು ಸಲ ಅಳೆದು, ಒಂದಕ್ಕೊಂದು ಹೊಂದುವ ಅಂಕಿಗಳನ್ನು ಮಾತ್ರ ಇಟ್ಟುಕೊಳ್ಳುತ್ತಾರೆ.

ಈ ಸಾಧನ ಇಲ್ಲದವರಿಗೆ ಹಳೇ ಕಡ್ಡಿಯೇ ಗತಿ, ಅದೂ ಒಳ್ಳೆಯ ಗತಿಯೇ. ರೈಫಲ್ ಖಾಲಿಯಿದೆ ಎಂದು ಎರಡು ಸಲ ನೋಡಿ, ಹಿಂಬದಿಯ ಬೋಲ್ಟ್ ಮುಚ್ಚಿ, ನಳಿಗೆಯ ಬಾಯಿಂದ ಚಪ್ಪಟೆ ತುದಿಯ ಕಡ್ಡಿ ಇಳಿಸಿ ಬೋಲ್ಟಿಗೆ ತಾಗಿದಾಗ ಬಾಯಿಯ ಬಳಿ ಗೀಟು ಹಾಕಿ. ಬೋಲ್ಟ್ ತೆಗೆದು, ಬರೀ ಗುಂಡೊಂದನ್ನು ಚೇಂಬರಿನಿಂದ ಒಳಬಿಟ್ಟು, ಪೆನ್ಸಿಲಿನಿಂದ ಏಣಿಗೆ ಒತ್ತಿಹಿಡಿದು, ಕಡ್ಡಿಯನ್ನು ಮತ್ತೆ ಇಳಿಸಿ ಗುಂಡಿನ ತುದಿಗೆ ತಾಗಿಸಿ ಇನ್ನೊಂದು ಗೀಟು ಹಾಕಿ. ಎರಡು ಗೀಟಿನ ನಡುವಿನ ದೂರವೇ ಆ ಗುಂಡು ಏಣಿಗೆ ತಾಗುವಾಗಿನ ತೋಟೆಯ ಪೂರ್ತಿ ಉದ್ದ. ಆ ಒಂದೇ ಗುಂಡಿನದು, ನೆನಪಿರಲಿ. ಮದ್ದಿಲ್ಲದ, ಕೇಪಿಲ್ಲದ ಕೇಸಿನಲ್ಲಿ ಅದೇ ಗುಂಡನ್ನು ಅದೇ ಉದ್ದಕ್ಕೆ ಕೂರಿಸಿ ಕಂಪಾರೇಟರಿಗೆ ಹಿಡಿದರೆ ಹೆಗಲಿನ ಲೆಕ್ಕ ಸಿಕ್ಕಿತು.

ಗೆಳೆಯರ ರೈಫಲ್ಲಿನಲ್ಲಿ ತಾಗುವ ಅಂಕಿ 2.235. ಅವರು ಇಪ್ಪತ್ತು ಥೌ ಬಿಟ್ಟು 2.215ಕ್ಕೆ ಕೂರಿಸುತ್ತಾರೆ. ಥೌ ಎಂದರೆ ಇಂಚಿನ ಸಾವಿರದ ಒಂದು ಪಾಲು, ಸುಮಾರು 25 ಮೈಕ್ರಾನ್. ಪೀಣ್ಯದಲ್ಲಿ ಕೆಲಸ ಮಾಡಿದವರಿಗೆ ಹೇಳಬೇಕಿಲ್ಲ. ಸಾಮಾನ್ಯ ವರ್ನಿಯರಿನ ನಿಖರತೆಯೇ ಒಂದು ಥೌ ಆಸುಪಾಸು. ಅದನ್ನು ಹಿಡಿದುಕೊಂಡು ಅರ್ಧ ಥೌ, ಕಾಲು ಥೌ ಎಂದು ವಾದ ಮಾಡುವವರ ಜೊತೆ ನಾನಂತೂ ಕೂರುವುದಿಲ್ಲ.

ಎಷ್ಟು ಸಂದಿ ಬಿಡಬೇಕು? ಇದಕ್ಕೆ ಒಂದೇ ಉತ್ತರವಿಲ್ಲ. ಕೆಲವು ಗುಂಡುಗಳಿಗೆ ಏಣಿನ ಹತ್ತಿರವಿದ್ದರೆ ಗುರಿ ಚೆನ್ನ, ಕೆಲವಕ್ಕೆ ದೂರ. ವೆದರ್‌ಬಿ ಕಂಪನಿಯ ಮ್ಯಾಗ್ನಮ್ ರೈಫಲ್ಲುಗಳಲ್ಲಿ ಏಣನ್ನು ಬೇಕೆಂದೇ ಬಹಳ ಮುಂದೆ ಇಟ್ಟಿರುತ್ತಾರೆ. ಒಂದೇ ಮದ್ದಿಗೆ ಹಲವು ಆಳಗಳಲ್ಲಿ ಕೂರಿಸಿ, ಗುರಿಯ ಕಾಗದದ ಮೇಲೆ ತೂತುಗಳ ಗುಂಪು ಯಾವ ಆಳಕ್ಕೆ ಒತ್ತಾಗುತ್ತದೆ ಎಂದು ನೋಡಿಯೇ ತಿಳಿಯಬೇಕು. ಆದರೆ ಎರಡು ಕಡೆಯೂ ಬೇಲಿಯಿದೆ. ಗುಂಡು ಏಣಿಗೇ ತಾಗಿ ಕೂತರೆ ಹೊರಡುವಾಗಲೇ ತಡೆ, ಒತ್ತಡ ಏರುತ್ತದೆ. ತೀರಾ ಆಳಕ್ಕೆ ಕೂತರೆ ಕೇಸಿನೊಳಗಿನ ಜಾಗ ಕಿರಿದಾಗಿ ಅಲ್ಲೂ ಒತ್ತಡ ಏರಬಹುದು. 308ಕ್ಕೆ ಅಮೆರಿಕದ ತಯಾರಕರ ಸಂಸ್ಥೆ ಸಾಮಿ ನಿಗದಿ ಮಾಡಿದ ಒತ್ತಡದ ಮಿತಿ 62,000 ಪಿಎಸ್‌ಐ, ಕಾರಿನ ಟೈರಿನ ಗಾಳಿಯ ಸುಮಾರು ಎರಡು ಸಾವಿರ ಪಟ್ಟು, ಅದೂ ಕೆನ್ನೆಯ ಪಕ್ಕದಲ್ಲಿ. ಆದ್ದರಿಂದ ಆಳ ಬದಲಿಸಿದರೆ ಮದ್ದನ್ನು ರೀಲೋಡಿಂಗ್ ಕೈಪಿಡಿ ಹೇಳುವ ಅತಿ ಕಡಿಮೆ ಅಳತೆಯಿಂದಲೇ ಮತ್ತೆ ಶುರು ಮಾಡಬೇಕು.

ಇಷ್ಟಾದ ಮೇಲೂ ತುದಿಯ ಅಳತೆಯನ್ನು ಎಸೆಯುವ ಹಾಗಿಲ್ಲ. ರೈಫಲ್ಲಿನಲ್ಲಿ ತೋಟೆ ತುಂಬಿಡುವ ಮ್ಯಾಗಝೀನಿಗೆ ಹೆಗಲು ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಪೂರ್ತಿ ಉದ್ದ. ಸಾಮಿಯ ಲೆಕ್ಕದಲ್ಲಿ 308ರ ಗರಿಷ್ಠ ಉದ್ದ 2.810 ಇಂಚು, ಅಂದರೆ 71.37 ಮಿ.ಮೀ. ಜುಟ್ಟು ದೊಡ್ಡದಿದ್ದರೆ ತಲೆಬಾಗಿಲು ತಾಗುತ್ತದಲ್ಲ, ಹಾಗೆ.

ಕೂರಿಸುವಾಗ ಮೊದಲು ಸ್ವಲ್ಪ ಉದ್ದವೇ ಇಟ್ಟು, ಅಳೆದು, ಅಚ್ಚನ್ನು ತಿರುಗಿಸುತ್ತ ಇಳಿಸುತ್ತಾರೆ. ಒಳಗೆ ಒತ್ತುವುದು ಸುಲಭ. ಹೊರಗೆ ಎಳೆಯಲು ಬೇರೆ ಸುತ್ತಿಗೆ ಬೇಕು, ಬೈಗುಳವೂ ಬೇಕು.

ಗೆಳೆಯರ ನೋಟ್‌ಬುಕ್ಕಿನಲ್ಲಿ ಪ್ರತಿ ಅಂಕಿಯ ಪಕ್ಕ ಮೂರು ಸಂಗತಿ ಬರೆದಿರುತ್ತದೆ: ಯಾವ ಗುಂಡು, ಯಾವ ಕಂಪಾರೇಟರ್, ಆ ನಳಿಗೆಯಿಂದ ಅಲ್ಲಿಯವರೆಗೆ ಎಷ್ಟು ಈಡು. ಎರಡು ಕಂಪಾರೇಟರುಗಳ ತೂತು ಒಂದೇ ಇರುವುದಿಲ್ಲ, ಆದ್ದರಿಂದ ಒಬ್ಬರ ಅಂಕಿ ಇನ್ನೊಬ್ಬರಿಗೆ ಬಾರದು. ಮೂರನೆಯದಕ್ಕೂ ಕಾರಣವಿದೆ. ಪ್ರತಿ ಈಡಿನ ಬೆಂಕಿಗೂ ಏಣಿನ ಮೊದಲ ಅಂಚು ಸವೆದು ಮುಂದೆ ಸರಿಯುತ್ತದೆ. ಸಾವಿರ ಈಡು ಕಳೆದ ಮೇಲೆ ಮೊದಲ ಪುಟದ 2.235 ಆ ನಳಿಗೆಯದಲ್ಲ, ಮತ್ತೆ ಅಳೆಯಬೇಕು.